ಆಸಿಡ್ ಮೊದಲೋ ನೀರು ಮೊದಲೋ

ಬೀಕರು ಒಡೆಯಲಿಲ್ಲ. ಕಾದ ಬಾಣಲೆಗೆ ಒದ್ದೆ ಸೌಟು ತಾಗಿದಾಗ ಬರುವಂಥ ಸಣ್ಣದೊಂದು ಚುರ್ ಸದ್ದು, ಅದರ ಹಿಂದೆಯೇ ಸ್ಟೂಲೊಂದು ನೆಲಕ್ಕುರುಳಿದ ಸದ್ದು. ಕಿಟಕಿಯ ಬಳಿಯ ಮೇಜಿನಲ್ಲಿ ಇನ್ನೊಂದು ಗುಂಪಿಗೆ ಬ್ಯೂರೆಟ್ ಹಿಡಿಯುವುದನ್ನು ತೋರಿಸುತ್ತಿದ್ದ ನಾನು ತಿರುಗಿ ನೋಡಿದೆ. ಒಬ್ಬ ಹುಡುಗಿ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಬಗ್ಗಿದ್ದಳು. ಅವಳ ಪಕ್ಕದ ಗೆಳತಿ ನೀರಿನ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕಲ್ಲಿನಂತೆ ನಿಂತಿದ್ದಳು. ಯಾರೂ ಕೂಗಲಿಲ್ಲ. 

ಕನಕಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆ ರಾಮನಗರದಲ್ಲಿ, ದಿನವೂ ಬಸ್ಸಿನಲ್ಲಿ ಹೋಗಿಬರುವುದು. ಆ ದಿನ ಲ್ಯಾಬಿನಲ್ಲಿದ್ದವರು ಬಿ.ಎಸ್ಸಿ. ಮೊದಲ ವರ್ಷದವರು. ಸಾಮಾನ್ಯವಾಗಿ ದ್ರಾವಣಗಳನ್ನೆಲ್ಲ ಲ್ಯಾಬ್ ಅಟೆಂಡರ್ ಮೊದಲೇ ತಯಾರಿಸಿ ಇಟ್ಟಿರುತ್ತಿದ್ದರು. ಅವರು ನಿವೃತ್ತರಾಗಿ ಆ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಹೀಗಾಗಿ ಸಲ್ಫ್ಯೂರಿಕ್ ಆಸಿಡ್ಡನ್ನು ತೆಳು ಮಾಡಿಕೊಳ್ಳುವ ಕೆಲಸವನ್ನು ಮಕ್ಕಳೇ ಮಾಡಿಕೊಳ್ಳಬೇಕಾಗಿತ್ತು. ಹೇಗೆ ಮಾಡಬೇಕೆಂದು ಬೋರ್ಡಿನ ಮೇಲೆ ಬರೆದಿತ್ತು. ಪುಸ್ತಕದಲ್ಲೂ ಇತ್ತು. ಹಿಂದಿನ ವಾರದ ಟೆಸ್ಟಿನಲ್ಲಿ ಅದನ್ನೇ ಪ್ರಶ್ನೆಯಾಗಿ ಕೇಳಿದ್ದೆ; ಎಲ್ಲರೂ ಸರಿಯಾಗಿ ಬರೆದಿದ್ದರು.

ಹುಡುಗಿಯ ಭುಜ ಹಿಡಿದು ಸಿಂಕಿನ ಕಡೆ ಎಳೆದುಕೊಂಡು ಹೋದೆ. ನಮ್ಮ ಲ್ಯಾಬಿನ ನಲ್ಲಿಯಲ್ಲಿ ಒಂದು ದಿನ ನೀರು ಬಂದರೆ ಇನ್ನೊಂದು ದಿನ ಬರುತ್ತಿರಲಿಲ್ಲ. ತಿರುಪು ತಿರುಗಿಸಿದೆ. ಒಮ್ಮೆ ಗೊರ್ರೆಂದು ಗಾಳಿ ಬಂತು. ಆಮೇಲೆ ನೀರು ಬಂತು.

"ಕಣ್ಣು ಬಿಡು. ಉರಿದರೂ ಬಿಡು" ಎಂದೆ.

"ಆಗಲ್ಲ ಮೇಡಮ್."

ಅವಳ ರೆಪ್ಪೆಯನ್ನು ನಾನೇ ಬೆರಳಿನಿಂದ ಬಿಡಿಸಿ ಹಿಡಿದು ನೀರು ಹಾಯಿಸಿದೆ. ಅವಳ ಇಡೀ ಮೈ ಗಡಗಡ ನಡುಗುತ್ತಿತ್ತು. ನೀರು ಕಣ್ಣಿಗೆ ಬೀಳದೆ ಕಿವಿಯ ಕಡೆ ಹರಿದುಹೋಗುತ್ತಿದ್ದುದನ್ನು ನೋಡಿ ಅವಳ ತಲೆಯನ್ನು ಹೊರಳಿಸಿ ಹಿಡಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಗೊತ್ತಿಲ್ಲ. ಯಾರೋ ಆಟೋ ತಂದು ನಿಲ್ಲಿಸಿದರು. ಊರಿನ ಆಸ್ಪತ್ರೆಯಲ್ಲಿ ಮತ್ತೆ ತೊಳೆದು, ಮುಲಾಮು ಹಾಕಿ, ಬೆಂಗಳೂರಿನ ಕಣ್ಣಾಸ್ಪತ್ರೆಗೆ ತಡಮಾಡದೆ ಹೋಗಿ ಎಂದರು.

ಅವಳ ತಂದೆ ಕನಕಪುರ ಟೌನಿನಲ್ಲೇ ರೇಷ್ಮೆ ನೂಲು ಬಿಚ್ಚುವವರು. ಕೆಲಸದ ನಡುವೆಯೇ ಎದ್ದು ಬಂದಿದ್ದರು. ಗೂಡು ಬೇಯಿಸುವ ಬಿಸಿನೀರಿನಲ್ಲಿ ಆಡಿ ಆಡಿ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಬೆಂಗಳೂರಿಗೆ ಹೊರಟ ಬಾಡಿಗೆ ಕಾರಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಮುಂದಿನ ಸೀಟಿನಲ್ಲಿದ್ದೆ.  ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಬಸ್ಸುಗಳ ಸಾಲಿನ ಹಿಂದೆ ಕಾರು ನಿಂತಾಗ ಮೆಲ್ಲಗೆ ಕೇಳಿದರು.

"ಕಣ್ಣು ಉಳೀತದಾ ಮೇಡಮ್? ಸಚ್ ಹೇಳಿ. ಧೈರ್ಯಕ್ಕೆ ಅಂತ ಹೇಳ್ಬೇಡಿ."

"ನನಗೆ ಗೊತ್ತಿಲ್ಲ" ಎಂದೆ.

 ಅವರು ತಲೆಯಾಡಿಸಿ ಮಗಳ ಹಣೆಯ ಮೇಲೆ ಕೈಯಿಟ್ಟುಕೊಂಡರು.

ಕಣ್ಣಿನ ಡಾಕ್ಟರು ಕೂಡ ಅದನ್ನೇ ಹೇಳಿದರು. ಈಗಲೇ ಏನೂ ಹೇಳಲಾಗುವುದಿಲ್ಲ, ಕಾದು ನೋಡಬೇಕು. ಬೇಗ ತೊಳೆದದ್ದು ಒಳ್ಳೆಯದಾಯಿತು ಎಂದರು. ಆ ಮಾತನ್ನೇ ಹಿಡಿದುಕೊಂಡು ನಾನು ಆಮೇಲಿನ ದಿನಗಳನ್ನು ತಳ್ಳಿದೆ.  ಮನೆಯಲ್ಲಿ ಒಗ್ಗರಣೆ ಚುರುಗುಟ್ಟಿದರೆ ಅಡುಗೆಮನೆಯಿಂದ ಆಚೆ ಬಂದುಬಿಡುತ್ತಿದ್ದೆ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಇವತ್ತು ಯಾರಾದರೂ ಬಂದು ಗೇಟಿನಲ್ಲಿ ನಿಂತಿರುತ್ತಾರೆ, ಅವಳ ಕಣ್ಣು ಹೋಯಿತು ಎನ್ನುತ್ತಾರೆ ಎಂದುಕೊಂಡೇ ಕೂತಿರುತ್ತಿದ್ದೆ.

ಕಾಲೇಜಿನಲ್ಲಿ ಎಲ್ಲರ ತೀರ್ಮಾನವೂ ಒಂದೇ ಆಗಿತ್ತು. ಹುಡುಗಿಯರು ಮಾತಾಡಿಕೊಂಡು ಮೈಮರೆತಿದ್ದರು; ಗಮನ ಇರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು, ನಿವೃತ್ತಿಗೆ ಹತ್ತಿರವಿದ್ದವರು, ನನ್ನನ್ನು ಸಮಾಧಾನ ಮಾಡುವುದಕ್ಕೆಂದೇ ಹಾಗೆ ಹೇಳುತ್ತಿದ್ದರು. "ನೀವು ಬೋರ್ಡಿನ ಮೇಲೆ ಬರೆದಿದ್ದೀರಿ. ಅವರು ಟೆಸ್ಟಿನಲ್ಲಿ ಬರೆದಿದ್ದಾರೆ. ಇನ್ನೇನು ಮಾಡೋಕಾಗುತ್ತೆ?" ಎನ್ನುತ್ತಿದ್ದರು. ನನಗೂ ಹಾಗೆ ನಂಬಿಕೊಳ್ಳಬೇಕೆಂದು ಆಸೆಯಾಗುತ್ತಿತ್ತು. ಆದರೆ ಆಸಿಡ್ಡಿಗೆ ನೀರು ಸುರಿದ ಆ ಇನ್ನೊಬ್ಬ ಹುಡುಗಿ ಅವತ್ತಿನಿಂದ ಕಾಲೇಜಿಗೇ ಬಂದಿರಲಿಲ್ಲ. ಅವಳದು ಉಯ್ಯಂಬಳ್ಳಿ ಕಡೆಯ ಊರು. ಹೊಲ, ಹಿಪ್ಪುನೇರಳೆ ತೋಟ ಇದ್ದ ಬೇಸಾಯದ ಮನೆ. ತರಗತಿಯಲ್ಲಿ ಬಾಯಿ ಬಿಡದವಳು, ಆದರೆ ಬರೆದರೆ ಒಂದಕ್ಷರ ತಪ್ಪುತ್ತಿರಲಿಲ್ಲ. ಅಂಥವಳು ಮೈಮರೆತಳು ಎಂದರೆ ನನ್ನ ಮನಸ್ಸು ಒಪ್ಪುತ್ತಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಗಾಯಗೊಂಡ ಹುಡುಗಿ ಕಾಲೇಜಿಗೆ ಬಂದಳು. ಬಲಗಣ್ಣಿಗೆ ಬಟ್ಟೆಯ ಪಟ್ಟಿ, ಅದರ ಮೇಲೆ ಕಪ್ಪು ಕನ್ನಡಕ. ಪಟ್ಟಿ ತೆಗೆದರೆ ಬೆಳಕು ಕಾಣುತ್ತದೆ, ಬೆರಳು ಆಡಿಸಿದರೆ ಕಾಣುತ್ತದೆ, ಆದರೆ ಎಲ್ಲ ಮಂಜಿನೊಳಗೆ ಎಂದಳು. ಬೆರಳು ಕಾಣುತ್ತದೆ ಎಂದದ್ದೇ ನಾನು ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕೂತುಬಿಟ್ಟೆ. 

ಅವಳು ಬಂದದ್ದು ತನ್ನ ವಿಷಯ ಹೇಳುವುದಕ್ಕಲ್ಲ.

"ಮೇಡಮ್, ಅವಳು ನನ್ನ ಫೋನ್ ತಗೀತಿಲ್ಲ. ನೀವು ಅವಳ ಮನೇಗೆ ಬನ್ನಿ. ನಾನೂ ಬರ್ತೀನಿ."

"ಈ ಕಣ್ಣಿಟ್ಟುಕೊಂಡು ಬಸ್ಸಿನ ಧೂಳಿನಲ್ಲಾ? ಬೇಡ."

"ನೀವೊಬ್ರೇ ಹೋದ್ರೆ ಅವಳು ಹಿತ್ತಲಿಂದ ಓಡೋಗ್ತಾಳೆ. ನನ್ನ ನೋಡಿದ್ರೆ ಓಡಲ್ಲ."

ಅವಳ ಅಬ್ಬಾ ಒಪ್ಪಿದ್ದರು. ಒಂದು ಶನಿವಾರ ಮಧ್ಯಾಹ್ನ ಕನಕಪುರದಿಂದ ಬಸ್ಸು ಹತ್ತಿದೆವು. ಹುಡುಗಿ ದುಪಟ್ಟಾದಿಂದ ಮುಖದ ಬಲಭಾಗ ಸುತ್ತಿಕೊಂಡು ಕಿಟಕಿಯಿಂದ ದೂರ ಕೂತಿದ್ದಳು. ಬಸ್ಸು ಗುಂಡಿಗಿಳಿದಾಗಲೆಲ್ಲ ಅವಳ ಕೈ ಕಣ್ಣಿನ ಕಡೆ ಹೋಗುತ್ತಿತ್ತು. ನನ್ನ ಕೈ ಅವಳ ಕೈಯ ಕಡೆ ಹೋಗುತ್ತಿತ್ತು. ಆ ಮನೆಯವರು ಏನೆನ್ನುತ್ತಾರೋ ಎಂಬ ಹೆದರಿಕೆ ನನಗೆ. ನಮ್ಮ ಮಗಳ ಓದು ಹಾಳು ಮಾಡಿದಿರಿ ಎಂದು ಬೈದರೆ ಅದನ್ನು ಕೇಳಿಸಿಕೊಂಡು ನಿಲ್ಲಬೇಕು, ಅಷ್ಟೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಬೈಯಲಿಲ್ಲ. ಹಳ್ಳಿಯ ಹುಡುಗಿಯ ತಂದೆ ಜಗಲಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಂತೆ ಬಿಚ್ಚುತ್ತಿದ್ದವರು ಎದ್ದು ನಿಂತರು. ಪಟ್ಟಿ ಕಟ್ಟಿದ ಕಣ್ಣನ್ನು ನೋಡಿದ್ದೇ ಅವರ ಮುಖ ಸಣ್ಣಗಾಯಿತು.

"ಬನ್ನಿ ಮೇಡಮ್ನೋರೆ. ಬಾವ್ವ, ಒಳಿಕ್ ಬಾ. ಕಣ್ ಎಂಗೈತೆ?"

"ಕಾಣ್ತದೆ ಅಂಕಲ್. ಒಸಿ ಮಬ್ಬು."

"ನಮ್ಮವ್ವ ಕಬ್ಬಾಳಮ್ಮಂಗೆ ಅರಕೆ ಒತ್ತವ್ಳೆ, ನಿನ್ ಕಣ್ ಸರಿ ಓಗ್ಲಿ ಅಂತ" ಎಂದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನಮ್ ಮಗ್ಳು ಅಡುಗೆ ಮನೆ ಒಳಿಕೇ ಓಗಕಿಲ್ಲ ಈಗ. ನೀರ್ ಕುದಿಯೋ ಸದ್ದು ಕೇಳುದ್ರೆ ಎದ್ದು ಆಚಿಕ್ ಬತ್ತಾಳೆ. ಉಂಡ್ರೆ ಉಂಡ್ಲು, ಇಲ್ದಿದ್ರೆ ಇಲ್ಲ. ಕಾಲೇಜ್ ಬ್ಯಾಡ ಬುಡು ಅಂದುಬುಟ್ಟಿದೀನಿ."

 ಮನೆಯಲ್ಲಿ ನಾನು ಮಾಡುತ್ತಿದ್ದುದನ್ನೇ ಆ ಹುಡುಗಿಯೂ ಮಾಡುತ್ತಿದ್ದಳು.

ಅವಳು ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತಿದ್ದಳು. ಗೆಳತಿಯನ್ನು ಕಂಡು ಎದ್ದಳು, ಆದರೆ ಓಡಲಿಲ್ಲ. ಗೆಳತಿ ಹೋಗಿ ಪಕ್ಕದಲ್ಲಿ ಕೂತು ಅವಳ ಮೊಣಕೈ ಹಿಡಿದುಕೊಂಡಳು.  ನಾನು ಗೋಡೆಗೆ ಒರಗಿ ನಿಂತಿದ್ದೆ. ಕೊನೆಗೆ ಹಳ್ಳಿಯ ಹುಡುಗಿಯೇ ಬಾಯಿಬಿಟ್ಟಳು, ಮುಖ ಎತ್ತದೆ.

"ನಾನು ನೀವೇಳ್ದಂಗೇ ಮಾಡ್ದೆ ಮೇಡಮ್."

"ನಾನು ಹೇಳಿದ ಹಾಗೆಯೇ?"

"ಊಂ. ಬೋರ್ಡ್ ಮೇಲೆ ಇದ್ದಂಗೇ. ಆಡ್ ಆಸಿಡ್ ಟು ವಾಟರ್."

"ಅದರರ್ಥ ಏನು ಹೇಳು."

ಅವಳು ನನ್ನನ್ನು ಅಂಜಿಕೆಯಿಂದ ನೋಡಿದಳು. ಇದೂ ಪರೀಕ್ಷೆಯೋ ಏನೋ ಎಂಬಂತೆ. ಆಮೇಲೆ ಒಂದೊಂದೇ ಪದ ಬಿಡಿಸಿ ಹೇಳಿದಳು. "ಆಸಿಡ್ ಟು ಅಂದ್ರೆ ಆಸಿಡ್ಗೆ. ವಾಟರ್ ಅಂದ್ರೆ ನೀರು. ಆಡ್ ಅಂದ್ರೆ ಹಾಕು. ಆಸಿಡ್ಗೆ ನೀರ್ ಹಾಕು. ಅಷ್ಟೇ ತಾನೇ?"

ಗೆಳತಿ ಪಟ್ಟಿಯಿಲ್ಲದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. "ನಾನೂ ಹಂಗೇ ಅನ್ಕೊಂಡಿದ್ದೆ ಮೇಡಮ್" ಎಂದಳು. "ಅದ್ಕೇ ನಾನು ಅವಳನ್ನ ತಡೀಲಿಲ್ಲ."

ಕನ್ನಡದಲ್ಲಿ ಪ್ರತ್ಯಯ ಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ. ಮನೆಗೆ, ಹೊಲಕ್ಕೆ, ಆಸಿಡ್‌ಗೆ. ಇಂಗ್ಲಿಷಿನ ಆ ಪುಟ್ಟ 'ಟು' ಮುಂದಿನ ಪದಕ್ಕೆ ಸೇರಿದ್ದು, ಹಾಕಬೇಕಾದದ್ದು ನೀರಿಗೆ ಆಸಿಡ್ ಎಂದು ನಾವು ಯಾರೂ ಆ ಮಗುವಿಗೆ ಹೇಳಿರಲಿಲ್ಲ. ಅವಳು ತನ್ನ ಭಾಷೆಯ ದಾರಿಯಲ್ಲೇ ನಡೆದು, ಬೋರ್ಡಿನ ಮೇಲಿದ್ದದ್ದನ್ನು ಒಂದಕ್ಷರ ತಪ್ಪದೆ ಪಾಲಿಸಿದ್ದಳು. ಟೆಸ್ಟಿನಲ್ಲಿ ಅದೇ ವಾಕ್ಯ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ಮಾಗಡಿಯಲ್ಲಿ ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು ನಾನು. ಕಾಲೇಜಿಗೆ ಸೇರಿದ ಹೊಸದರಲ್ಲಿ ಇಂಥ ವಾಕ್ಯಗಳನ್ನು ನಾನು ಹೇಗೆ ಬಿಡಿಸಿಕೊಳ್ಳುತ್ತಿದ್ದೆನೋ ನೆನಪಿಗೇ ಬರಲಿಲ್ಲ.

ವಾಪಸ್ ಬಸ್ಸಿನಲ್ಲಿ ನನ್ನನ್ನು ಹಿಡಿದ ಭಯ ಹೊಸದು. ಅಲ್ಲಿಯವರೆಗೆ ಒಂದು ಕಣ್ಣಿನ ಬಗ್ಗೆ ಹೆದರಿದ್ದೆ. ಈಗ ಆ ಹುಡುಗಿಯರು ಬರೆದ ಉಳಿದ ವಾಕ್ಯಗಳ ಬಗ್ಗೆ, ಅವರ ಅಕ್ಕಪಕ್ಕ ಕೂತವರ ಬಗ್ಗೆ, ತಲೆಯಾಡಿಸಿ ಪಾಸಾಗಿ ಹೋದ ಹಿಂದಿನ ತರಗತಿಗಳ ಬಗ್ಗೆ ಹೆದರಿಕೆ ಹುಟ್ಟಿತು. ಅವರಲ್ಲಿ ಕೆಲವರು ಹಾರೋಹಳ್ಳಿಯ ಫ್ಯಾಕ್ಟರಿಗಳಲ್ಲಿ ದೊಡ್ಡ ದೊಡ್ಡ ಟ್ಯಾಂಕುಗಳ ಪಕ್ಕ ಕೆಲಸ ಮಾಡುತ್ತಿದ್ದಾರೆ.

ಸೋಮವಾರ ತರಗತಿಯಲ್ಲಿ ಅದೇ ವಾಕ್ಯವನ್ನು ಬರೆದು, ಮೊದಲು ಯಾವುದನ್ನು ಬೀಕರಿಗೆ ಹಾಕುತ್ತೀರಿ ಎಂದು ಕೇಳಿದೆ.  ಆಸಿಡ್ ಮೊದಲು ಎನ್ನುವವರು ಕೈ ಎತ್ತಿ ಎಂದೆ. ಒಬ್ಬರನ್ನೊಬ್ಬರು ನೋಡಿಕೊಂಡರು. ಕಣ್ಣು ಮುಚ್ಚಿಕೊಂಡು ಎತ್ತಿ ಎಂದೆ. ಆಗ ಎದ್ದ ಕೈಗಳನ್ನು ನಾನು ಎಣಿಸಲಿಲ್ಲ. ಎಣಿಸುವಷ್ಟು ಧೈರ್ಯ ಇರಲಿಲ್ಲ. ಒಂದು ಅಪಘಾತ ಕಣ್ಣೆದುರೇ ನಡೆದುಹೋದ ಮೇಲೂ ಅಷ್ಟು ಕೈಗಳು ಎದ್ದಿದ್ದವು.

ಮುಖ್ಯಸ್ಥರ ಬಳಿ ಹೋಗಿ, ಇನ್ನು ಮುಂದೆ ಪ್ರಯೋಗಕ್ಕೆ ಮೊದಲು ಮಕ್ಕಳು ತಾವು ಮಾಡಲಿರುವುದನ್ನು ಪಕ್ಕದವರಿಗೆ ತಮ್ಮ ಮಾತಿನಲ್ಲಿ ಹೇಳಬೇಕು, ಏನಾಗಬಹುದೆಂದು ಊಹಿಸಬೇಕು, ಪಕ್ಕದವರು ಒಪ್ಪದಿದ್ದರೆ ಜಗಳವಾಡಬೇಕು, ಅಲ್ಲಿಯವರೆಗೆ ಗಾಜು ಮುಟ್ಟುವಂತಿಲ್ಲ ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಿಲಬಸ್ ಮುಗಿಯಲ್ಲ."

"ಗೊತ್ತು ಸರ್."

"ಪರೀಕ್ಷೆ ಇಂಗ್ಲಿಷಿನಲ್ಲಿ. ಇವರು ಕನ್ನಡದಲ್ಲಿ ಜಗಳವಾಡಿಕೊಂಡು ಕೂತರೆ, ಹೊರಗಿನಿಂದ ಬರೋ ಎಕ್ಸಾಮಿನರ್ ಮುಂದೆ ಏನು ಹೇಳ್ತಾರೆ? ಫೇಲಾದರೆ ಆ ಹುಡುಗಿಯರನ್ನ ಮನೆಯವರು ಇನ್ನೊಂದು ಸಲ ಪರೀಕ್ಷೆಗೆ ಕೂರಿಸ್ತಾರಾ? ಮದುವೆ ಮಾಡಿ ಕಳಿಸ್ತಾರೆ. ಅದು ನಿಮ್ಮ ತಲೆ ಮೇಲೆ ಬರುತ್ತೆ, ನನ್ನ ತಲೆ ಮೇಲೂ ಬರುತ್ತೆ."

ಅವರು ಕಟುಕರಲ್ಲ. ಅವರೂ ಹೆದರಿದ್ದರು, ಅಷ್ಟೇ. ಮತ್ತು ಅವರ ಹೆದರಿಕೆ ಸುಳ್ಳೂ ಆಗಿರಲಿಲ್ಲ.  ಲ್ಯಾಬಿನಲ್ಲಿ ಮಾತ್ರ ಮಾಡಿ ನೋಡುತ್ತೇನೆ ಎಂದೆ. ಅವರು ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ಹಳ್ಳಿಯ ಹುಡುಗಿ ವಾಪಸ್ ಬಂದಳು. ಗೆಳತಿ ದಿನವೂ ಫೋನು ಮಾಡಿ, ಮಂಗಳವಾರ ಬಂದ್ಬಿಡು, ನಾನು ಬಸ್‌ಸ್ಟ್ಯಾಂಡಲ್ಲಿ ಇರ್ತೀನಿ ಎಂದು ಬಲವಂತ ಮಾಡಿದ್ದಳಂತೆ. ಬಂದಳು, ಆದರೆ ಲ್ಯಾಬಿನ ಬಾಗಿಲಲ್ಲೇ ನಿಂತುಬಿಟ್ಟಳು. ನಾನೂ ಆ ಬಾಗಿಲು ದಾಟುವ ಮುನ್ನ ಒಂದು ಕ್ಷಣ ನಿಲ್ಲುತ್ತಿದ್ದೆ. ಅವತ್ತು ಇಬ್ಬರೂ ಅಕ್ಕಪಕ್ಕ ನಿಂತೆವು.

"ನಂಗೆ ಕೈ ನಡುಗ್ತೈತೆ ಮೇಡಮ್" ಎಂದಳು.

"ನನಗೂ ನಡುಗುತ್ತೆ. ಇವತ್ತು ಏನೂ ಮುಟ್ಟೋದು ಬೇಡ. ಒಳಗೆ ಬಂದು ಕೂತುಕೋ."

ಮೊದಮೊದಲು ನನ್ನ ಹೊಸ ಪದ್ಧತಿ ಸೋತಿತು. ಪಕ್ಕದವರಿಗೆ ಹೇಳಿ ಎಂದರೆ ಎಲ್ಲರೂ ತಲೆ ತಗ್ಗಿಸಿ ಪುಸ್ತಕದ ಇಂಗ್ಲಿಷ್ ವಾಕ್ಯವನ್ನೇ ಪಿಸುಗುಟ್ಟುತ್ತಿದ್ದರು. ನಾನು ಹತ್ತಿರ ಹೋದರೆ ಅದೂ ನಿಂತುಹೋಗುತ್ತಿತ್ತು. ಅವರ ಮೌನ ಕಂಡರೆ ನನಗೆ ಭಯ. ನನ್ನನ್ನು ಕಂಡರೆ ಅವರಿಗೆ ಭಯ. ಒಮ್ಮೆ ಪ್ರಿನ್ಸಿಪಾಲರು ಕರೆದರೆಂದು ಆಚೆ ಹೋಗಿ ವಾಪಸ್ ಬರುವಾಗ ಕಾರಿಡಾರಿನವರೆಗೂ ಲ್ಯಾಬಿನ ಗದ್ದಲ ಕೇಳಿಸುತ್ತಿತ್ತು. ಏನಾಯಿತೋ ಎಂದು ಓಡಿದೆ. ಬಾಗಿಲ ಬಳಿ ಬಂದಾಗ ತಿಳಿಯಿತು, ಅವರು ವಾದ ಮಾಡುತ್ತಿದ್ದರು.

"ಆಸಿಡ್ ತೂಕ ಜಾಸ್ತಿ ಕಣ್ಲಾ. ನೀರ್ ಮೇಲ್ಗಡೆನೇ ನಿಂತ್ಕೋತದೆ" ಎಂದು ಒಬ್ಬ ಹುಡುಗ ಹೇಳುತ್ತಿದ್ದ.

"ನಿಂತ್ಕೊಂಡ್ರೆ ಏನೀಗ?" ಇನ್ನೊಬ್ಬ ಕೇಳಿದ.

ಅದಕ್ಕೆ ಉತ್ತರ ಕೊಟ್ಟದ್ದು ಪಟ್ಟಿ ಕಟ್ಟಿಕೊಂಡ ಹುಡುಗಿ. "ಅದು ಸೇರಿದ ಜಾಗದಲ್ಲಿ ಬಿಸಿ ಹುಟ್ತದೆ. ಮೇಲಿರೋದು ಒಂಚೂರು ನೀರು. ಅದು ಆಗಿಂದಾಗ್ಲೇ ಕುದ್ದು ಸಿಡೀತದೆ. ಜಾಸ್ತಿ ನೀರಿಗೆ ಆಸಿಡ್ಡನ್ನ ಒಂದೊಂದೇ ತೊಟ್ಟು ಬಿಟ್ರೆ ಬಿಸಿ ಎಲ್ಲಾ ಕಡೆ ಹಂಚಿ ಹೋಗ್ತದೆ."

 ನಾನು ಬಾಗಿಲ ಹೊರಗೇ ನಿಂತೆ. ಆಮೇಲೆ ಅದೇ ನನ್ನ ಅಭ್ಯಾಸವಾಯಿತು. ಪ್ರಶ್ನೆ ಕೊಟ್ಟು ಆಚೆ ಹೋಗುವುದು, ಮುಖ ಕಾಣದಂತೆ ನಿಂತು ಕೇಳಿಸಿಕೊಳ್ಳುವುದು, ಎಲ್ಲಿ ದಾರಿ ತಪ್ಪುತ್ತಿದ್ದಾರೆಂದು ತಿಳಿದ ಮೇಲೆ ಒಳಗೆ ಬರುವುದು. ಗಾಜು ಮುಟ್ಟುವ ಹೊತ್ತಿಗೆ ಮಾತ್ರ ನಾನು ಅವರ ಪಕ್ಕದಲ್ಲೇ ಇರುತ್ತಿದ್ದೆ. ಬೀರುವಿನಲ್ಲಿ ಮಂಕಾಗಿ ಬಿದ್ದಿದ್ದ ರಕ್ಷಣಾ ಕನ್ನಡಕಗಳ ಬದಲು ಹೊಸವನ್ನು ತರಿಸಿದೆವು. ಅವನ್ನು ಹಾಕಿಕೊಳ್ಳದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ, ನಾನೂ ಸೇರಿ.

ಕೇಳಿಸಿಕೊಂಡದ್ದರಿಂದ ಸಮಾಧಾನವೇನೂ ಆಗಲಿಲ್ಲ. ಪ್ರತಿ ವಾರವೂ ನಾನು ಕಲಿಸಿದ್ದೇನೆಂದುಕೊಂಡದ್ದು ಒಂದು, ಅವರ ತಲೆಯಲ್ಲಿ ನಿಂತದ್ದು ಇನ್ನೊಂದು ಎಂದು ತಿಳಿಯುತ್ತಿತ್ತು. ಪಾಠ ನಿಧಾನವಾಯಿತು. ಸೆಮಿಸ್ಟರ್ ಕೊನೆಗೆ ಎರಡು ಅಧ್ಯಾಯಗಳನ್ನು ಓಡಿಸಿಕೊಂಡು ಹೋಗಬೇಕಾಯಿತು. ಮುಖ್ಯಸ್ಥರು ಕಾರಿಡಾರಿನಲ್ಲಿ ಎದುರಾದಾಗ ಎಲ್ಲಿಗೆ ಬಂತು ಎಂದಷ್ಟೇ ಕೇಳುತ್ತಿದ್ದರು. ನಾನು ಹೇಳಿದ ಉತ್ತರ ಕೇಳಿ ಸುಮ್ಮನೆ ಮುಂದೆ ಹೋಗುತ್ತಿದ್ದರು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬಂತು. ಹೊರಗಿನಿಂದ ಬಂದ ಎಕ್ಸಾಮಿನರ್ ಎತ್ತರದ, ಕಡಿಮೆ ಮಾತಿನ ಮನುಷ್ಯ. ಅವರ ಮುಖ ನೋಡಿ ಏನನ್ನೂ ಹೇಳುವಂತಿರಲಿಲ್ಲ. ಕೆಲವರನ್ನು ಕೇಳಿ ಮುಗಿಸಿ ಅವರು ಉಯ್ಯಂಬಳ್ಳಿ ಕಡೆಯ ಹುಡುಗಿಯ ಮೇಜಿಗೆ ಬಂದರು. ಆಸಿಡ್ಡಿಗೆ ಬ್ಯೂರೆಟ್ಟಿನಿಂದ ಕ್ಷಾರವನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಬಣ್ಣ ಬಂದೊಡನೆ ನಿಲ್ಲಿಸುವ ಟೈಟ್ರೇಶನ್ನನ್ನು ಅವಳು ಮುಗಿಸಿದ್ದಳು. ಫ್ಲಾಸ್ಕಿನಲ್ಲಿದ್ದ ತಿಳಿ ಗುಲಾಬಿ ಬಣ್ಣ ಅಷ್ಟು ಹೊತ್ತಿಗೆ ಮಾಸಿಹೋಗಿತ್ತು. ಅವರು ಫ್ಲಾಸ್ಕನ್ನು ಎತ್ತಿ ಬೆಳಕಿಗೆ ಹಿಡಿದು, ಇದರ ಬಣ್ಣ ಯಾಕೆ ಹೋಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಆ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ. ನಾನೂ ಪಾಠದಲ್ಲಿ ಹೇಳಿರಲಿಲ್ಲ. ಗೋಡೆಯ ಪಕ್ಕ ನಿಂತಿದ್ದ ಮುಖ್ಯಸ್ಥರು ನನ್ನ ಕಡೆ ನೋಡಿದರು. 

"ಗೊತ್ತಿಲ್ಲ ಸರ್" ಎಂದಳು, ಕನ್ನಡದಲ್ಲೇ.

ಎಕ್ಸಾಮಿನರ್ ಪೆನ್ನು ಎತ್ತಿಕೊಂಡರು. ಮುಖ್ಯಸ್ಥರು ಕಣ್ಣು ಮುಚ್ಚಿದರು. 

"ಗೊತ್ತಿಲ್ಲ ಸರ್, ಆದ್ರೆ ಮಾಡಿ ನೋಡ್ಬೋದು" ಎಂದಳು ಅವಳು.

ಪೆನ್ನು ನಿಂತಿತು. "ಹೇಗೆ?" ಅವರೂ ಕನ್ನಡಕ್ಕೆ ಬಂದಿದ್ದರು.

"ಮುಚ್ಚಿಟ್ರೆ ಬಣ್ಣ ಹೋಗಲ್ಲ, ತೆರೆದಿಟ್ರೆ ಹೋಗ್ತೈತೆ ಅಂದ್ರೆ ಗಾಳಿಯಿಂದ ಏನೋ ಸೇರ್ಕೊಂತೈತೆ ಅಂತ ಆಯ್ತದೆ. ಅದು ಕಾರ್ಬನ್ ಡೈ ಆಕ್ಸೈಡ್ ಇರ್ಬೋದು ಸರ್, ನೀರಿಗೆ ಸೇರುದ್ರೆ ಆಸಿಡ್ ಆಯ್ತದಲ್ಲ. ನಮ್ ಉಸುರಲ್ಲಿ ಅದು ಜಾಸ್ತಿ. ಊದಿ ನೋಡ್ಲಾ?"

ಅವರು ನನ್ನ ಕಡೆ ನೋಡಿದರು. ಪರೀಕ್ಷೆಯ ಹಾಲಿನಲ್ಲಿ ಇಂಥದ್ದು ನಡೆಯುವಂತಿಲ್ಲ. ಕ್ಷಾರ ಬಾಯಿಗೆ ಬಂದರೆ, ಈ ಹುಡುಗಿಗೇನಾದರೂ ಆದರೆ ಎಂದು ನನ್ನ ತಲೆಯೊಳಗೆ ಹಳೆಯದೆಲ್ಲ ಒಟ್ಟಿಗೆ ಎದ್ದಿತು. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ರೂಢಿಯಂತೆ ತಾನು ಮಾಡಲಿರುವುದನ್ನು ಪಕ್ಕದವಳಿಗೆ ಹೇಳತೊಡಗಿದ್ದಳು. ಒಂದೆರಡು ತೊಟ್ಟು ಕ್ಷಾರ ಹಾಕಿ ಬಣ್ಣ ಮತ್ತೆ ಬರಿಸ್ತೀನಿ. ಗಾಜಿನ ಕೊಳವೆ ತೊಳ್ಕೊಂತೀನಿ. ಮೆಲ್ಲಗೆ ಊದಬೇಕು, ಉಸುರು ಒಳಕ್ಕೆ ಎಳ್ಕೋಬಾರ್ದು. ಎಳ್ಕೋಬೇಕು ಅನ್ನಿಸಿದ್ರೆ ಮೊದ್ಲು ಕೊಳವೆಯಿಂದ ಬಾಯಿ ತೆಗೀಬೇಕು. ನಾನು ಬಾಯಿ ಮುಚ್ಚಿ ತಲೆಯಾಡಿಸಿದೆ.

ಅವಳು ಊದಿದಳು. ಗುಳ್ಳೆಗಳು ಎದ್ದವು. ಗುಲಾಬಿ ಬಣ್ಣ ತೆಳ್ಳಗಾಗುತ್ತ ಹೋಗಿ, ಕೊನೆಗೆ ಬರೀ ನೀರಿನ ಹಾಗಾಯಿತು.

"ಇದನ್ನೇ ಇಂಗ್ಲಿಷಿನಲ್ಲಿ ಹೇಳಮ್ಮ" ಎಂದರು ಎಕ್ಸಾಮಿನರ್. ಅವಳು ಹೇಳಿದಳು. ವ್ಯಾಕರಣ ಮುರಿದು, ತಡವರಿಸಿ, ಮತ್ತೆ ಹಿಂದಕ್ಕೆ ಹೋಗಿ ಸರಿ ಮಾಡಿಕೊಂಡು ಹೇಳಿದಳು. ವಿಷಯ ಎಲ್ಲೂ ತಪ್ಪಲಿಲ್ಲ. ಅವರು ಅಂಕ ಬರೆದುಕೊಂಡು ಮುಂದಿನ ಮೇಜಿಗೆ ಹೋದರು. ಒಂದು ಮೆಚ್ಚುಗೆಯ ಮಾತೂ ಆಡಲಿಲ್ಲ. ನಾನು ಹಿಂದಿನ ಕೋಣೆಗೆ ಹೋದೆ. ಮುಖ್ಯಸ್ಥರು ಹಿಂದೆಯೇ ಬಂದರು.

"ನಾನು ಒಂದು ದಿನ ನಿಮ್ಮ ಲ್ಯಾಬಿನಲ್ಲಿ ಕೂತುಕೊಳ್ಳಲಾ?" ಎಂದರು. "ಹಿಂದಿನ ಬೆಂಚಿನಲ್ಲಿ. ಮಾತಾಡಲ್ಲ."

ಬನ್ನಿ ಎಂದೆ. ಬಂದರು ಕೂಡ. ಮಾತಾಡದೆ ಇರುವುದು ಅವರಿಂದ ಆಗಲಿಲ್ಲ.

ಥಿಯರಿ ಪೇಪರಿನಲ್ಲಿ ಕೆಲವರು ಫೇಲಾದರು. ಓಡಿಸಿಕೊಂಡು ಹೋದ ಅಧ್ಯಾಯಗಳಿಂದಲೇ ಪ್ರಶ್ನೆಗಳು ಬಂದಿದ್ದವು. ಮುಖ್ಯಸ್ಥರು ಮೊದಲೇ ಹೇಳಿದ್ದ ಮಾತು ಅಷ್ಟರಮಟ್ಟಿಗೆ ನಿಜವಾಯಿತು. ಫೇಲಾದವರಲ್ಲಿ ಕಬ್ಬಾಳಿನ ಒಬ್ಬ ಹುಡುಗಿಯನ್ನು ಮನೆಯವರು ಮತ್ತೆ ಕಾಲೇಜಿಗೆ ಕಳಿಸಲಿಲ್ಲ. ನಾನು ಹೋಗಿ ಮಾತಾಡಿಸಿದೆ, ಉಪಯೋಗವಾಗಲಿಲ್ಲ. ಅದು ನನ್ನನ್ನು ಇನ್ನೂ ಕೊರೆಯುತ್ತದೆ. ಮುಂದಿನ ವರ್ಷದಿಂದ ಯಾವ ಪಾಠ ಮಕ್ಕಳು ತಾವೇ ಓದಿಕೊಂಡು ಬರಬಹುದು, ಯಾವುದಕ್ಕೆ ತರಗತಿಯಲ್ಲಿ ನಿಲ್ಲಲೇಬೇಕು ಎಂದು ನಾನೂ ಮುಖ್ಯಸ್ಥರೂ ಕೂತು ಬೇರೆ ಮಾಡಿಕೊಂಡೆವು. ಅದೂ ಪೂರ್ತಿ ಸರಿಯಾಗಿದೆ ಎನ್ನಲಾರೆ.

ಗಾಯಗೊಂಡಿದ್ದ ಹುಡುಗಿಯ ಕಣ್ಣಿನಲ್ಲಿ ಒಂದು ಬಿಳಿ ಗೆರೆ ಉಳಿದಿದೆ. ಬೆಳಿಗ್ಗೆ ಎದ್ದಾಗ ಒಸಿ ಮಂಜು, ಮುಖ ತೊಳೆದ ಮೇಲೆ ಪರವಾಗಿಲ್ಲ ಎನ್ನುತ್ತಾಳೆ. ಓದುವುದಕ್ಕೆ ತೊಂದರೆಯಿಲ್ಲ. ಎಂ.ಎಸ್ಸಿ. ಮಾಡುತ್ತಿದ್ದಾಳೆ. ಅವಳ ಗೆಳತಿ ಡಿಗ್ರಿ ಮುಗಿಸಿ ಹಾರೋಹಳ್ಳಿಯಲ್ಲಿ ಒಂದು ಕಡೆ ಗುಣಮಟ್ಟ ಪರೀಕ್ಷಿಸುವ ಲ್ಯಾಬಿಗೆ ಸೇರಿದ್ದಾಳೆ. ಮನೆಯಲ್ಲಿ ಈಗ ಒಲೆಯ ಮುಂದೆ ಕೂರುತ್ತಾಳೆ ಎಂದು ಅವಳ ತಂದೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದರು.

ನನ್ನ ಭಯ ಹೋಗಿಲ್ಲ. ಲ್ಯಾಬ್ ಇರುವ ದಿನ ಈಗಲೂ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂರುತ್ತೇನೆ. ಈ ವರ್ಷದ ಹೊಸ ಮಕ್ಕಳ ಮೊದಲ ಪ್ರಯೋಗದ ದಿನ, ನಾನು ವಿವರಿಸಿ ಮುಗಿಸಿದ ಮೇಲೆ ಎಲ್ಲರೂ ತಲೆಯಾಡಿಸಿದರು. ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ಅರ್ಧ ಎದ್ದು, ಮತ್ತೆ ಕೂತು, ಮತ್ತೆ ಎದ್ದ. ಅವನ ಕಿವಿ ಕೆಂಪಾಗಿತ್ತು.

"ಮೇಡಮ್, ಬೈಬ್ಯಾಡಿ" ಎಂದ. "ನಂಗೆ ಒಂದೂ ಅರ್ಥ ಆಗ್ಲಿಲ್ಲ."

ಪಕ್ಕದವರು ನಕ್ಕರು. ನಾನು ಎಲ್ಲರಿಗೂ ಬಾಟಲಿಗಳನ್ನು ಮುಟ್ಟದೆ ಹತ್ತಿರ ಬರಲು ಹೇಳಿದೆ. ಅವತ್ತು ಪ್ರಯೋಗ ನಡೆಯಲೇ ಇಲ್ಲ. ಬೆಲ್ಲು ಹೊಡೆಯುವವರೆಗೂ ನಾವು ಆ ಹುಡುಗನ ಮೇಜಿನ ಸುತ್ತ ನಿಂತು, ಅವನಿಗೆ ಎಲ್ಲಿಂದ ತಿಳಿಯಲಿಲ್ಲವೋ ಅಲ್ಲಿಂದ ಮಾತಾಡಿದೆವು.